ತಿಳಿಯದೆ ತಪ್ಪುವುದು, ತಿಳಿದುಕೊಳ್ಳದೆ ತಪ್ಪುವುದು

ತೀರ್ಪು ಬರೆಯುವ ಮೊದಲು ನ್ಯಾಯಾಧೀಶರೊಬ್ಬರು ‘ಈ ವಿಷಯ ನನಗೆ ಪೂರ್ತಿ ಅರ್ಥವಾಗಿಲ್ಲ, ಮೊದಲು ಕಲಿಯಬೇಕು’ ಎಂದು ಆದೇಶದಲ್ಲೇ ದಾಖಲಿಸುವುದು ತೀರಾ ಅಪರೂಪ. 2021ರ ಏಪ್ರಿಲ್ ಕೊನೆಯಲ್ಲಿ ಚೆನ್ನೈನ ಮದ್ರಾಸ್ ಹೈಕೋರ್ಟಿನಲ್ಲಿ ಅದು ನಡೆಯಿತು. ಪರಸ್ಪರ ಪ್ರೀತಿಸಿದ ಮದುರೈನ ಇಬ್ಬರು ಯುವತಿಯರು ಮನೆಯವರ ವಿರೋಧ ತಾಳಲಾರದೆ ಚೆನ್ನೈಗೆ ಬಂದಿದ್ದರು. ಮಗಳು ಕಾಣೆಯಾಗಿದ್ದಾಳೆ ಎಂದು ಎರಡೂ ಮನೆಯವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಪೊಲೀಸರ ಕಾಟದಿಂದ ರಕ್ಷಣೆ ಬೇಕೆಂದು ಯುವತಿಯರು ಹೈಕೋರ್ಟಿಗೆ ಹೋದರು. ಪ್ರಕರಣ ಬಂದದ್ದು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ. ಅವರು ಯುವತಿಯರನ್ನೂ ಹೆತ್ತವರನ್ನೂ ಮಾತಾಡಿಸಿದರು, ಇಬ್ಬರನ್ನೂ ಮನಶ್ಶಾಸ್ತ್ರಜ್ಞರ ಬಳಿಗೆ ಕಳಿಸಿದರು. ಆಮೇಲೆ ತಾವೂ ಅದೇ ಮನಶ್ಶಾಸ್ತ್ರಜ್ಞರ ಮುಂದೆ ಕಲಿಯಲು ಕೂರುವುದಾಗಿ ಹೇಳಿದರು. ಸಲಿಂಗ ಪ್ರೀತಿಯ ಬಗ್ಗೆ ತಮ್ಮ ಮನಸ್ಸಿನಲ್ಲಿ ಹಿಂದಿನಿಂದ ಬಂದ ಕಲ್ಪನೆಗಳಿವೆ, ಅವುಗಳನ್ನು ಇಟ್ಟುಕೊಂಡು ತೀರ್ಪು ಕೊಟ್ಟರೆ ಅದು ಒಳಗಿನಿಂದ ಬಂದ ತೀರ್ಪಾಗದು ಎಂಬುದು ಅವರ ನಿಲುವಾಗಿತ್ತು. ಜೂನ್ 7ರ ಆದೇಶದಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿ, ಅಜ್ಞಾನವನ್ನು ನೆಪ ಮಾಡಿಕೊಂಡು ತಾರತಮ್ಯವನ್ನು ಸಹಜವೆಂದು ಒಪ್ಪಲಾಗದು ಎಂಬರ್ಥದ ಮಾತು ಬರೆದರು.

ಇದನ್ನು ಒಬ್ಬ ನ್ಯಾಯಾಧೀಶರ ಸೌಜನ್ಯವೆಂದು ಹೊಗಳಿ ಬಿಟ್ಟರೆ ಅದರ ನಿಜವಾದ ತೂಕ ಕಾಣುವುದಿಲ್ಲ. ಒಳ್ಳೆಯ ಮನಸ್ಸಿನವರು ತಪ್ಪು ಆಯ್ಕೆ ಮಾಡುವುದು ಹೇಗೆ, ಆ ತಪ್ಪಿಗೆ ಅವರು ಎಷ್ಟು ಹೊಣೆ ಎಂಬ ಪ್ರಶ್ನೆ ನೀತಿಶಾಸ್ತ್ರದಲ್ಲಿ ಬಹಳ ಹಳೆಯದು. ಅದನ್ನು ಅತಿ ಸೂಕ್ಷ್ಮವಾಗಿ ವಿಚಾರಿಸಿದ ಪರಂಪರೆಗಳಲ್ಲಿ ಒಂದು ನೈಸರ್ಗಿಕ ನಿಯಮದ ನೀತಿ. ಸರಿ ತಪ್ಪುಗಳು ರಾಜನ ಅಪ್ಪಣೆಯಿಂದಲೋ ಊರಿನ ರೂಢಿಯಿಂದಲೋ ಹುಟ್ಟುವುದಿಲ್ಲ, ಮನುಷ್ಯನ ಸ್ವಭಾವದಲ್ಲೇ ಅವುಗಳ ಬೇರಿದೆ, ಬುದ್ಧಿಯಿಂದ ಅವುಗಳನ್ನು ತಿಳಿಯಬಹುದು ಎನ್ನುವುದು ಅದರ ತಳಹದಿ. ಪ್ರಾಚೀನ ರೋಮಿನ ಸಿಸೆರೊನಿಂದ ಹಿಡಿದು 13ನೇ ಶತಮಾನದ ಇಟಲಿಯ ಥಾಮಸ್ ಅಕ್ವಿನಾಸ್‌ವರೆಗೆ ಇದು ಬೆಳೆಯಿತು. ವಿಚಿತ್ರವೆಂದರೆ, ಆ ಯುವತಿಯರಂಥವರನ್ನು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅಪರಾಧದ ನೆರಳಿನಲ್ಲಿ ನಿಲ್ಲಿಸಿದ ಕಾನೂನಿನ ಭಾಷೆಯೂ ಇದೇ ಪರಂಪರೆಯಿಂದ ಬಂದದ್ದು. ಹಾಗಾದರೆ ತಪ್ಪಿದ್ದು ಪರಂಪರೆಯೋ, ಅದನ್ನು ಬಳಸಿದ ಕೈಯೋ? ನನ್ನ ವಾದ ಇಷ್ಟು: ನಿಸರ್ಗದಿಂದ ನೀತಿಯನ್ನು ತರ್ಕಿಸುವುದು ತಪ್ಪಲ್ಲ, ರೂಢಿಯನ್ನೇ ನಿಸರ್ಗವೆಂದು ಭಾವಿಸಿ, ಪರೀಕ್ಷಿಸದೆ ಇನ್ನೊಬ್ಬರ ಬಾಳಿನ ಮೇಲೆ ತೀರ್ಮಾನ ಕೊಡುವುದು ತಪ್ಪು. ಆ ತಪ್ಪಿಗೆ ಮದ್ದು ಅದೇ ಪರಂಪರೆಯ ಒಳಗಿದೆ. ಚೆನ್ನೈನಲ್ಲಿ ನಡೆದದ್ದು ಆ ಮದ್ದಿನ ಪ್ರಯೋಗ.

ಅಕ್ವಿನಾಸ್‌ನ ಮೊದಲ ಸೂತ್ರ ಸರಳವಾಗಿದೆ. ಒಳಿತನ್ನು ಮಾಡಬೇಕು, ಕೆಡುಕನ್ನು ದೂರವಿಡಬೇಕು. ಜೀವ ಉಳಿಸಿಕೊಳ್ಳುವುದು, ಮಕ್ಕಳನ್ನು ಸಾಕುವುದು, ಸತ್ಯ ತಿಳಿಯುವುದು, ಇತರರೊಂದಿಗೆ ಕೂಡಿ ಬಾಳುವುದು, ಇವೆಲ್ಲ ಮನುಷ್ಯ ಸಹಜವಾಗಿ ಬಯಸುವ ಒಳಿತುಗಳು. ಕೆಡುಕನ್ನು ಕೆಡುಕೆಂದೇ ಯಾರೂ ಆರಿಸಿಕೊಳ್ಳುವುದಿಲ್ಲ ಎಂಬುದು ಅವನ ಮುಖ್ಯ ನಂಬಿಕೆ. ತಪ್ಪು ಮಾಡುವವನ ಕಣ್ಣಿಗೂ ಏನೋ ಒಂದು ಒಳಿತು ಕಾಣುತ್ತಿರುತ್ತದೆ. ಅದು ತೋರಿಕೆಯ ಒಳಿತು ಎಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಮಗಳನ್ನು ಕೋಣೆಯಲ್ಲಿ ಕೂಡಿಹಾಕುವ ತಂದೆ, ಬಲವಂತದ ಮದುವೆಗೆ ತಯಾರಿ ಮಾಡುವ ತಾಯಿ, ‘ಸರಿಮಾಡಿಸಲು’ ತಂಗಿಯನ್ನು ವೈದ್ಯರ ಬಳಿ ಎಳೆದೊಯ್ಯುವ ಅಣ್ಣ, ಇವರ ಮನಸ್ಸಿನಲ್ಲಿ ಸಾಮಾನ್ಯವಾಗಿ ದ್ವೇಷವಿರುವುದಿಲ್ಲ. ಅವಳ ಬಾಳು ಹಾಳಾಗಬಾರದು, ಮನೆತನದ ಮಾನ ಉಳಿಯಬೇಕು, ಮುಪ್ಪಿನಲ್ಲಿ ಅವಳಿಗೊಂದು ಆಸರೆ ಬೇಕು ಎಂಬ ಕಳಕಳಿ ಇರುತ್ತದೆ. ಕಳಕಳಿ ನಿಜ, ಆದರೆ ಅದು ಹಿಡಿದ ದಾರಿ ಅವಳನ್ನೇ ಮುರಿಯುತ್ತದೆ. ಹೆತ್ತವರನ್ನು ರಾಕ್ಷಸರೆಂದು ಬೈಯುವ ಬರಹಗಳಿಂದ ಈ ಸಮಸ್ಯೆ ಬಗೆಹರಿಯದೆ ಇರುವುದಕ್ಕೆ ಇದೇ ಕಾರಣ. ಅವರ ಉದ್ದೇಶವನ್ನು ಪ್ರಶ್ನಿಸಿದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಪ್ರಶ್ನಿಸಬೇಕಾದ್ದು ಅವರ ತಿಳಿವಳಿಕೆಯನ್ನು.

ತಪ್ಪು ನುಸುಳುವ ಜಾಗ ಯಾವುದು? ಮೂಲತತ್ವಗಳಲ್ಲಲ್ಲ, ತತ್ವದಿಂದ ವಿವರಕ್ಕೆ ಇಳಿಯುವ ಮೆಟ್ಟಿಲುಗಳಲ್ಲಿ. ಇಟ್ಟ ಒಡವೆಯನ್ನು ಒಡೆಯನಿಗೆ ಹಿಂದಿರುಗಿಸಬೇಕು ಎಂಬುದು ಒಳ್ಳೆಯ ನಿಯಮ. ಆದರೆ ಅವನು ಅದನ್ನು ನಾಡಿನ ಮೇಲೆ ಯುದ್ಧ ಹೂಡಲು ಕೇಳುತ್ತಿದ್ದರೆ ಕೊಡುವುದೇ ತಪ್ಪಾಗುತ್ತದೆ ಎಂದು ಅಕ್ವಿನಾಸ್ ತನ್ನ ಮಹಾಗ್ರಂಥ ಸುಮ್ಮಾ ಥಿಯೊಲಾಜಿಯಾದಲ್ಲಿ ಬರೆದ. ವಿವರಕ್ಕೆ ಇಳಿದಷ್ಟೂ ಅಪವಾದಗಳೂ ತಪ್ಪುಗಳೂ ಹೆಚ್ಚುತ್ತವೆ ಎಂಬುದು ಅವನ ಎಚ್ಚರಿಕೆ. ಕೆಟ್ಟ ರೂಢಿ ಒಂದಿಡೀ ಸಮುದಾಯದ ಕಣ್ಣನ್ನೇ ಮಂಕಾಗಿಸಬಲ್ಲದು ಎನ್ನಲು ಅವನು ಕೊಡುವ ನಿದರ್ಶನ, ಒಂದು ಕಾಲದ ಜರ್ಮನ್ ಬುಡಕಟ್ಟುಗಳು ಕಳ್ಳತನವನ್ನು ತಪ್ಪೆಂದೇ ಎಣಿಸುತ್ತಿರಲಿಲ್ಲ ಎಂಬ ಜೂಲಿಯಸ್ ಸೀಸರನ ಬರಹ. ಚೆನ್ನೈನವರಿಗೆ ಇದನ್ನು ವಿವರಿಸಲು ಅಷ್ಟು ದೂರ ಹೋಗಬೇಕಿಲ್ಲ. ಹೈಕೋರ್ಟಿನ ಆವರಣದಲ್ಲೇ ಮನುನೀತಿ ಚೋಳನ ಪ್ರತಿಮೆಯಿದೆ. ತಿರುವಾರೂರಿನಲ್ಲಿ ರಾಜಕುಮಾರನ ರಥದ ಗಾಲಿಗೆ ಕರುವೊಂದು ಸಿಕ್ಕಿ ಸತ್ತಾಗ ತಾಯಿಹಸು ಅರಮನೆಯ ಗಂಟೆ ಬಾರಿಸಿತು, ರಾಜ ತನ್ನ ಮಗನನ್ನೇ ರಥದ ಗಾಲಿಗೆ ಒಡ್ಡಿದ ಎಂಬ ಕಥೆ ತಮಿಳುನಾಡಿನ ಮಕ್ಕಳಿಗೆಲ್ಲ ಗೊತ್ತು, ನಮ್ಮ ಮಕ್ಕಳಿಗೆ ಪುಣ್ಯಕೋಟಿ ಗೊತ್ತಿರುವ ಹಾಗೆ. ರಾಜನ ನಿಷ್ಪಕ್ಷಪಾತ ದೊಡ್ಡದು, ಅದಕ್ಕೇ ಅವನು ನ್ಯಾಯಾಲಯದ ಅಂಗಳದಲ್ಲಿ ನಿಂತಿದ್ದಾನೆ. ಆದರೆ ನೈಸರ್ಗಿಕ ನಿಯಮದ ಕಣ್ಣಿನಿಂದ ನೋಡಿದರೆ ಅವನ ತರ್ಕದಲ್ಲಿ ಒಂದು ಮೆಟ್ಟಿಲು ತಪ್ಪಿದೆ. ಮಗ ಕರುವನ್ನು ಕೊಲ್ಲಬೇಕೆಂದು ಕೊಂದವನಲ್ಲ, ಅದು ಅವಘಡ. ಉದ್ದೇಶವಿಲ್ಲದ ಕೃತ್ಯಕ್ಕೆ ಉದ್ದೇಶಿತ ಕೊಲೆಯ ದಂಡ ವಿಧಿಸಿದಾಗ, ತನ್ನವರು ಪರರು ಎಂಬ ಭೇದವಿರಬಾರದು ಎಂಬ ಸರಿಯಾದ ತತ್ವವೇ ತಪ್ಪು ಆಯ್ಕೆಗೆ ದಾರಿಯಾಗುತ್ತದೆ. ಕಥೆ ಹೇಳಿದವರಿಗೂ ಆ ತೀರ್ಪನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಪೆರಿಯ ಪುರಾಣದಲ್ಲಿ ಶಿವ ಬಂದು ಸತ್ತವರನ್ನೆಲ್ಲ ಬದುಕಿಸುತ್ತಾನೆ.

ಹೀಗೆ ತಪ್ಪಿದವರ ಹೊಣೆಯನ್ನು ಅಳೆಯುವುದು ಹೇಗೆ? ಇಲ್ಲಿ ಅಕ್ವಿನಾಸ್ ಎರಡು ಮಾತು ಹೇಳುತ್ತಾನೆ, ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಮೊದಲನೆಯದು, ಆತ್ಮಸಾಕ್ಷಿ ತಪ್ಪಾಗಿದ್ದರೂ ಅದನ್ನು ಮೀರಿ ನಡೆಯುವುದು ಸರಿಯಲ್ಲ, ಏಕೆಂದರೆ ತನಗೆ ಕೆಡುಕೆಂದು ತೋರಿದ್ದನ್ನು ಮಾಡುವವನು ಕೆಡುಕನ್ನೇ ಬಯಸಿದಂತಾಗುತ್ತದೆ. ಎರಡನೆಯದು, ಆತ್ಮಸಾಕ್ಷಿಯಂತೆ ನಡೆದೆ ಎಂಬ ಒಂದೇ ಕಾರಣಕ್ಕೆ ಯಾರೂ ದೋಷಮುಕ್ತರಾಗುವುದಿಲ್ಲ. ಆ ಆತ್ಮಸಾಕ್ಷಿ ತಪ್ಪಾದದ್ದು ಹೇಗೆ ಎಂದು ಕೇಳಬೇಕು. ಎಷ್ಟು ಪ್ರಯತ್ನಪಟ್ಟರೂ ತಿಳಿಯಲಾಗದ ಸಂಗತಿಯನ್ನು ತಿಳಿಯದೆ ತಪ್ಪಿದವನನ್ನು ಕ್ಷಮಿಸಬಹುದು. ತಿಳಿಯಬಹುದಾಗಿದ್ದನ್ನು, ತಿಳಿಯಬೇಕಾಗಿದ್ದನ್ನು ಉದಾಸೀನದಿಂದ ತಿಳಿದುಕೊಳ್ಳದೆ ಹೋದವನಿಗೆ ಆ ರಿಯಾಯಿತಿಯಿಲ್ಲ. ಚೆನ್ನೈನ ಮರೀನಾ ಕಡಲತೀರದ ರಸ್ತೆಯಲ್ಲಿ ಕಾಲ್ಗೆಜ್ಜೆ ಎತ್ತಿ ಹಿಡಿದು ನಿಂತ ಕಣ್ಣಗಿಯ ಪ್ರತಿಮೆ ಇಂಥದೇ ಒಂದು ಅಜ್ಞಾನದ ವಿರುದ್ಧದ ಆರೋಪಪಟ್ಟಿ. ಅದನ್ನು 1968ರ ವಿಶ್ವ ತಮಿಳು ಸಮ್ಮೇಳನದ ಸಮಯದಲ್ಲಿ ನಿಲ್ಲಿಸಿದರು, 2001ರಲ್ಲಿ ತೆಗೆದರು, 2006ರಲ್ಲಿ ಮತ್ತೆ ನಿಲ್ಲಿಸಿದರು. ಇಳಂಗೋ ಅಡಿಗಳ ಶಿಲಪ್ಪದಿಕಾರಂನಲ್ಲಿ ಪಾಂಡ್ಯ ರಾಜ ದುಷ್ಟನಲ್ಲ. ರಾಣಿಯ ಗೆಜ್ಜೆ ಕದ್ದವನು ಕಣ್ಣಗಿಯ ಗಂಡ ಕೋವಲನ್ ಎಂದು ಅಕ್ಕಸಾಲಿಗ ಹೇಳಿದ, ರಾಜ ನಂಬಿ ಮರಣದಂಡನೆ ಕೊಟ್ಟ. ಕಳ್ಳನನ್ನು ಶಿಕ್ಷಿಸಬೇಕೆಂಬ ಅವನ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಗೆಜ್ಜೆಯೊಳಗೆ ಮುತ್ತಿದೆಯೋ ಮಾಣಿಕ್ಯವಿದೆಯೋ ಎಂದು ಒಡೆದು ನೋಡುವುದು ಅವನ ಕೈಯಲ್ಲೇ ಇತ್ತು, ಅದನ್ನು ಅವನು ಮಾಡಲಿಲ್ಲ. ಕಣ್ಣಗಿ ಆಸ್ಥಾನಕ್ಕೆ ಬಂದು ಗೆಜ್ಜೆ ಒಡೆದು ತೋರಿಸಿದ ಮೇಲೆ ಅವನಿಗೆ ಗೊತ್ತಾಯಿತು, ಅದೇ ಕ್ಷಣ ಸಿಂಹಾಸನದಿಂದ ಕುಸಿದು ಸತ್ತ. ಅಧಿಕಾರ ದೊಡ್ಡದಾದಷ್ಟೂ ವಿಚಾರಿಸುವ ಹೊಣೆಯೂ ದೊಡ್ಡದು ಎಂಬುದನ್ನು ಆ ಕಾವ್ಯ ಯಾವ ತತ್ವಗ್ರಂಥಕ್ಕೂ ಕಡಿಮೆಯಿಲ್ಲದಂತೆ ಕಾಣಿಸಿದೆ.

ಈಗ ಮೊದಲು ಹೇಳಿದ ಆ ಕಾನೂನಿಗೆ, ಅಂದರೆ ಸೆಕ್ಷನ್ 377ಕ್ಕೆ ಬರೋಣ. ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿಯಲ್ಲಿ; ಮದ್ರಾಸ್ ಹೈಕೋರ್ಟ್ ಸ್ಥಾಪನೆಯಾದದ್ದೂ ಅದೇ ವರ್ಷ. ‘ನಿಸರ್ಗದ ಕ್ರಮಕ್ಕೆ ವಿರುದ್ಧವಾದ’ ಸಂಭೋಗವನ್ನು ಆ ಸೆಕ್ಷನ್ ಅಪರಾಧವೆಂದಿತು. ನಿಸರ್ಗದ ಕ್ರಮವೆಂದರೆ ಏನು ಎಂದು ಸಂಹಿತೆ ಎಲ್ಲೂ ವಿವರಿಸಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬ ಭಾವನೆ ಅದನ್ನು ಬರೆದವರಲ್ಲಿತ್ತು. ಗೊತ್ತಿತ್ತೇ? ಮೈಸೂರು ಸಂಸ್ಥಾನದ ನ್ಯಾಯಾಲಯ 1884ರ ಒಂದು ಪ್ರಕರಣದಲ್ಲಿ ಮುಖಮೈಥುನ ಈ ಸೆಕ್ಷನ್ನಿನ ಅಡಿ ಬರುವುದಿಲ್ಲ ಎಂದಿತು. 1925ರಲ್ಲಿ ಸಿಂಧ್‌ನ ನ್ಯಾಯಾಲಯ ಬರುತ್ತದೆ ಎಂದಿತು. ಸಂಭೋಗದ ಸಹಜ ಉದ್ದೇಶ ಗರ್ಭಧಾರಣೆ, ಅದಕ್ಕೆ ಅವಕಾಶವಿಲ್ಲದ್ದೆಲ್ಲ ನಿಸರ್ಗವಿರುದ್ಧ ಎಂಬುದು ಅದರ ತರ್ಕ. ಈ ತರ್ಕವನ್ನು ಕೊನೆಯವರೆಗೂ ಎಳೆದರೆ ಮುಪ್ಪಿನ ದಂಪತಿಯೂ ಮಕ್ಕಳಾಗದ ದಂಪತಿಯೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಯಾವ ನ್ಯಾಯಾಲಯವೂ ಅಲ್ಲಿಗೆ ಹೋಗಲಿಲ್ಲ. ಹೋಗಲಿಲ್ಲವೆಂದ ಮೇಲೆ ಅಳತೆಗೋಲು ನಿಸರ್ಗವಾಗಿರಲಿಲ್ಲ, ಸಮಾಜ ಯಾವುದನ್ನು ಸಹಿಸುತ್ತದೆ, ಯಾವುದನ್ನು ಸಹಿಸುವುದಿಲ್ಲ ಎಂಬುದಾಗಿತ್ತು. ಒಂದೇ ಪದಗುಚ್ಛವನ್ನು ಹಿಡಿದು ನಲವತ್ತು ವರ್ಷಗಳ ಅಂತರದಲ್ಲಿ ಎರಡು ನ್ಯಾಯಾಲಯಗಳು ವಿರುದ್ಧ ದಿಕ್ಕಿಗೆ ಹೋಗಲು ಸಾಧ್ಯವಾದದ್ದೂ ಅದರಿಂದಲೇ.

ರೂಢಿ ನಿಸರ್ಗದ ವೇಷ ತೊಡುವುದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿ ಬೇಕೆಂದರೆ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ 2019ರ ಏಪ್ರಿಲ್ ತೀರ್ಪನ್ನು ನೋಡಬೇಕು. ಲಿಂಗಪರಿವರ್ತಿತ ಮಹಿಳೆಯೂ ಹಿಂದೂ ವಿವಾಹ ಕಾಯ್ದೆಯ ಅರ್ಥದಲ್ಲಿ ವಧುವೇ ಎಂದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಅದೇ ತೀರ್ಪಿನಲ್ಲಿ ಇನ್ನೊಂದು ಪದ್ಧತಿಯತ್ತ ಗಮನ ಸೆಳೆದರು. ಹೆಣ್ಣೆಂದೋ ಗಂಡೆಂದೋ ಖಚಿತವಾಗಿ ಹೇಳಲಾಗದ ದೇಹರಚನೆಯೊಂದಿಗೆ ಹುಟ್ಟಿದ ಎಳೆಗೂಸುಗಳಿಗೆ, ಅವುಗಳ ಒಪ್ಪಿಗೆಯ ಮಾತೇ ಇಲ್ಲದೆ, ಶಸ್ತ್ರಚಿಕಿತ್ಸೆ ಮಾಡಿ ಒಂದು ಲಿಂಗಕ್ಕೆ ಸೇರಿಸಲಾಗುತ್ತಿತ್ತು. ನಿಸರ್ಗವೇ ಕೊಟ್ಟ ದೇಹವನ್ನು ಕತ್ತರಿಸಿ ಸಮಾಜದ ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಹೊಂದಿಸುವುದನ್ನು ಸಹಜಗೊಳಿಸುವುದು ಎಂದು ಕರೆಯುತ್ತಿದ್ದರು. ಅದನ್ನು ಮಾಡಿದ ವೈದ್ಯರೂ ಒಪ್ಪಿದ ಹೆತ್ತವರೂ ಮಗುವಿನ ಒಳ್ಳೆಯದಕ್ಕೆಂದೇ ಮಾಡಿದರು. ಆ ತೀರ್ಪಿನ ನಂತರ, 2019ರ ಆಗಸ್ಟಿನಲ್ಲಿ, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು ಇಂಥ ಶಸ್ತ್ರಚಿಕಿತ್ಸೆಯನ್ನು ತಮಿಳುನಾಡು ಸರ್ಕಾರ ನಿಷೇಧಿಸಿತು.

ವೈದ್ಯರ ಮಾತು ಬಂದಾಗ ಹೊಣೆಯ ಅಳತೆ ಇನ್ನಷ್ಟು ನಿಖರವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಪ್ರೇಮವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಹಾಗೆಯೇ ಮಾಡಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ರೋಗವಲ್ಲವೆಂದು ಬಹಿರಂಗವಾಗಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಂಬಂಧವನ್ನು ಸೆಕ್ಷನ್ 377ರ ಹಿಡಿತದಿಂದ ಬಿಡಿಸಿತು. 1950ರಲ್ಲಿ ಒಬ್ಬ ಮನೋವೈದ್ಯ ಇದನ್ನು ರೋಗವೆಂದು ನಂಬಿದ್ದರೆ ಅವನ ಪಠ್ಯಪುಸ್ತಕವೇ ಹಾಗೆ ಹೇಳುತ್ತಿತ್ತು ಎನ್ನಬಹುದು. 2020ರಲ್ಲಿ ಒಬ್ಬ ವೈದ್ಯ ‘ಕನ್ವರ್ಷನ್ ಥೆರಪಿ’ಯ ಹೆಸರಿನಲ್ಲಿ, ಅಂದರೆ ಒಲವಿನ ದಿಕ್ಕನ್ನೇ ಬದಲಾಯಿಸುತ್ತೇನೆಂದು, ಔಷಧಿ ಕೊಟ್ಟು ಹಣ ಪಡೆದರೆ ಅವನಿಗೆ ಆ ವಿನಾಯಿತಿ ಸಲ್ಲದು. ತಿಳಿವಳಿಕೆ ಅವನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಅದನ್ನು ಪಡೆಯುವುದು ಅವನ ವೃತ್ತಿಯ ಕರ್ತವ್ಯವೇ ಆಗಿತ್ತು. ಹಳ್ಳಿಯ ತಾಯಿಯೊಬ್ಬಳ ತಪ್ಪು ನಂಬಿಕೆಯನ್ನೂ ಈ ವೈದ್ಯನ ತಪ್ಪು ನಂಬಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮದ್ರಾಸ್ ಹೈಕೋರ್ಟಿನ ಆದೇಶಗಳು ಹೆಚ್ಚು ಒತ್ತಡ ಹಾಕಿದ್ದೂ ಕಲಿತವರ ಮೇಲೆ, ಅಧಿಕಾರವಿರುವವರ ಮೇಲೆ. ಹೆತ್ತವರಿಗೆ ಆಪ್ತಸಮಾಲೋಚನೆ, ವೈದ್ಯರಿಗೆ ನಿಷೇಧ ಮತ್ತು ಶಿಸ್ತುಕ್ರಮ, ವಯಸ್ಕರಿಬ್ಬರು ಸ್ವಂತ ಇಚ್ಛೆಯಿಂದ ಜೊತೆಗಿದ್ದಾರೆಂದು ಖಚಿತವಾದರೆ ಕಾಣೆಯಾದ ದೂರನ್ನು ಮುಕ್ತಾಯಗೊಳಿಸಬೇಕೆಂದು ಪೊಲೀಸರಿಗೆ ಸೂಚನೆ. ಪೊಲೀಸ್ ಸಿಬ್ಬಂದಿಯ ನಡತೆಯ ನಿಯಮಗಳಿಗೆ ತಮಿಳುನಾಡು 2022ರಲ್ಲಿ ತಿದ್ದುಪಡಿ ತಂದು, ಲೈಂಗಿಕ ಅಲ್ಪಸಂಖ್ಯಾತರಿಗೆ ಕಿರುಕುಳ ಕೊಡುವುದನ್ನು ನಿಷೇಧಿಸಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕನ್ವರ್ಷನ್ ಥೆರಪಿಯನ್ನು ವೃತ್ತಿಪರ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಅಕ್ವಿನಾಸ್ ಸ್ವತಃ ಸಲಿಂಗಸಂಬಂಧವನ್ನು ನಿಸರ್ಗವಿರುದ್ಧ ಪಾಪಗಳಲ್ಲಿ ಸೇರಿಸಿದ್ದಾನೆ. ಇಂದಿಗೂ ನೈಸರ್ಗಿಕ ನಿಯಮದ ದೊಡ್ಡ ವಿದ್ವಾಂಸರಲ್ಲಿ ಒಬ್ಬರಾದ ಜಾನ್ ಫಿನಿಸ್ ಬೇರೆ ಕಾರಣಗಳನ್ನು ಕೊಟ್ಟು ಅದೇ ನಿಲುವನ್ನು ಸಮರ್ಥಿಸುತ್ತಾರೆ. ಹಾಗಿರುವಾಗ ಅವರ ಪರಂಪರೆಯನ್ನೇ ಅವರ ವಿರುದ್ಧ ತಿರುಗಿಸುವುದು ನ್ಯಾಯವೇ? ಅಕ್ವಿನಾಸ್ ಏನು ಬರೆದ ಎಂಬುದನ್ನು ಮುಚ್ಚಿಡಬೇಕಾಗಿಲ್ಲ, ಅವನು ಬರೆದದ್ದು ಹಾಗೆಯೇ ಇದೆ. ಆದರೆ ಒಂದು ವಿಚಾರಪದ್ಧತಿ ತನ್ನ ಕರ್ತೃವಿನ ಎಲ್ಲ ತೀರ್ಮಾನಗಳಿಗೆ ಕಟ್ಟುಬಿದ್ದಿರುವುದಿಲ್ಲ. ಕೆಲವರು ಹುಟ್ಟಿನಿಂದಲೇ ದಾಸರು ಎಂದು ಅರಿಸ್ಟಾಟಲ್ ಬರೆದಿದ್ದ. ಅದನ್ನು ಹಿಡಿದು 1550ರಲ್ಲಿ ಸ್ಪೇನಿನ ವಾಯಾಡೊಲಿಡ್ ನಗರದಲ್ಲಿ ಸೆಪುಲ್ವೇದ ಎಂಬ ವಿದ್ವಾಂಸ ಅಮೆರಿಕದ ಮೂಲನಿವಾಸಿಗಳ ಮೇಲಿನ ದಂಡಯಾತ್ರೆಯನ್ನು ಸಮರ್ಥಿಸಿದ. ಎದುರು ನಿಂತ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಕೂಡ ನೈಸರ್ಗಿಕ ನಿಯಮದಿಂದಲೇ ವಾದಿಸಿ, ಅವರೂ ಬುದ್ಧಿಯುಳ್ಳ ಮನುಷ್ಯರು, ಅವರನ್ನು ಗುಲಾಮರಾಗಿಸುವುದೇ ನಿಸರ್ಗವಿರುದ್ಧ ಎಂದ. ಇಬ್ಬರ ತತ್ವ ಒಂದೇ. ವ್ಯತ್ಯಾಸವೆಂದರೆ ಲಾಸ್ ಕಾಸಾಸ್ ಆ ಜನರ ನಡುವೆ ದಶಕಗಳ ಕಾಲ ಬದುಕಿದ್ದ, ಸೆಪುಲ್ವೇದ ಅಮೆರಿಕದ ನೆಲವನ್ನೇ ಮೆಟ್ಟಿರಲಿಲ್ಲ. ಇನ್ನೂ ಮುಖ್ಯವಾದ ಸಂಗತಿ, ಲಾಸ್ ಕಾಸಾಸ್ ತಾನೇ ಮೊದಲು ಮೂಲನಿವಾಸಿಗಳ ದುಡಿಮೆಯ ಮೇಲೆ ಬಾಳಿದ ಜಮೀನ್ದಾರ. ಅದನ್ನು ಬಿಟ್ಟ ಮೇಲೂ, ಅವರನ್ನು ಉಳಿಸಲೆಂದು ಆಫ್ರಿಕಾದ ಗುಲಾಮರನ್ನು ತರಬಹುದೆಂದು ಸಲಹೆ ಕೊಟ್ಟಿದ್ದ. ಅದೂ ಅಷ್ಟೇ ಘೋರ ಅನ್ಯಾಯವೆಂದು ತಿಳಿದ ಮೇಲೆ ತೀವ್ರವಾಗಿ ಪಶ್ಚಾತ್ತಾಪಪಟ್ಟ. ಮನುಷ್ಯನ ಸ್ವಭಾವವನ್ನು ತಿಳಿಯಬೇಕಾದರೆ ಮನುಷ್ಯರನ್ನು ನೋಡಬೇಕು, ಅವರ ಮಾತು ಕೇಳಬೇಕು. ಅಕ್ವಿನಾಸ್‌ನಿಗೆ ಲಭ್ಯವಿದ್ದ ತಿಳಿವಳಿಕೆಯಲ್ಲಿ, ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಆಸರೆಯಾಗಿ ನಿಷ್ಠೆಯಿಂದ ಬಾಳುವುದೆಂದರೆ ಏನು ಎಂದು ಅವರ ಬಾಯಿಂದಲೇ ಬಂದ ಸಾಕ್ಷ್ಯವಿರಲಿಲ್ಲ. ನಮಗಿದೆ.

ಹಾಗೆಂದು ಎಲ್ಲವನ್ನೂ ತಿದ್ದುತ್ತ ಹೋದರೆ ಕೊನೆಗೆ ನಿಲ್ಲುವ ನೆಲ ಯಾವುದು, ನಾಳೆ ಯಾವ ಅನ್ಯಾಯವನ್ನಾದರೂ ಹೊಸ ತಿಳಿವಳಿಕೆಯೆಂದು ಸಮರ್ಥಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಈ ಭಯವನ್ನು ತಳ್ಳಿಹಾಕಲಾಗದು. ಆದರೆ ಮೇಲೆ ಹೇಳಿದ ತಿದ್ದುಪಡಿಗಳಲ್ಲಿ ಮೂಲತತ್ವ ಎಲ್ಲೂ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು. ಜೀವಕ್ಕೆ ಹಾನಿ ಮಾಡಬೇಡ, ಸತ್ಯವನ್ನು ಹುಡುಕು, ಕೂಡಿ ಬಾಳುವುದಕ್ಕೆ ಅಡ್ಡಿಯಾಗಬೇಡ ಎಂಬ ತತ್ವಗಳೇ ಕೆಳಗಿನ ಮೆಟ್ಟಿಲಿನ ತಪ್ಪನ್ನು ತೋರಿಸಿಕೊಟ್ಟವು. ಮಕ್ಕಳ ಮೇಲಿನ ದೌರ್ಜನ್ಯವನ್ನೋ ಬಲಾತ್ಕಾರವನ್ನೋ ಯಾವ ಹೊಸ ತಿಳಿವಳಿಕೆಯೂ ಸರಿಯೆನ್ನಲಾರದು, ಏಕೆಂದರೆ ಅಲ್ಲಿ ಮುರಿಯುವ ಒಳಿತೂ ಮುರಿಸಿಕೊಂಡವರೂ ಕಣ್ಣಿಗೆ ಕಾಣುತ್ತಾರೆ. ಆ ಇಬ್ಬರು ಯುವತಿಯರು ಒಟ್ಟಿಗೆ ಬಾಳುವುದರಿಂದ ಯಾರ ಯಾವ ಒಳಿತು ಮುರಿಯಿತು ಎಂದು ಕೇಳಿದರೆ, ಮನೆತನದ ಮಾನ ಎಂಬುದನ್ನು ಬಿಟ್ಟು ಬೇರೆ ಉತ್ತರ ಸಿಗುವುದು ಕಷ್ಟ. ಮಾನವೆಂಬುದು ಊರಿನ ಕಣ್ಣಿನಲ್ಲಿರುತ್ತದೆ, ಮನುಷ್ಯ ಸ್ವಭಾವದಲ್ಲಲ್ಲ.

ನ್ಯಾಯಾಧೀಶರು ತಮ್ಮ ಆತ್ಮಸಾಕ್ಷಿಯನ್ನು ತಿದ್ದಿಕೊಂಡು ಅದರಂತೆ ತೀರ್ಪು ಕೊಡುವುದು ಅಪಾಯಕಾರಿ, ಕಾನೂನು ಮಾಡುವುದು ಶಾಸನಸಭೆಯ ಕೆಲಸ ಎಂಬ ಆಕ್ಷೇಪ ಕಾನೂನು ಬಲ್ಲವರಿಂದ ಬರುತ್ತದೆ. ಇದಕ್ಕೆ ಉತ್ತರ ಪ್ರಕರಣದ ಕ್ರಮದಲ್ಲೇ ಇದೆ. ಸೆಕ್ಷನ್ 377ರ ಬಗ್ಗೆ ಸುಪ್ರೀಂ ಕೋರ್ಟ್ ಮೂರು ವರ್ಷ ಮೊದಲೇ ತೀರ್ಪು ಕೊಟ್ಟಿತ್ತು, ಖಾಸಗಿತನವೂ ಘನತೆಯೂ ಮೂಲಭೂತ ಹಕ್ಕುಗಳೆಂದು ಸ್ಥಿರವಾಗಿತ್ತು. ಸಂವಿಧಾನದ ನೈತಿಕತೆಯನ್ನು ಬೆಳೆಸಿಕೊಳ್ಳಬೇಕಾದ ಅಗತ್ಯವನ್ನು ಅಂಬೇಡ್ಕರ್ 1948ರ ನವೆಂಬರಿನಲ್ಲೇ ಸಂವಿಧಾನ ಸಭೆಯ ಮುಂದಿಟ್ಟಿದ್ದರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಹೊಸ ಕಾನೂನನ್ನು ಮನಸ್ಸಿನಿಂದ ಸೃಷ್ಟಿಸಲಿಲ್ಲ. ಇರುವ ಹಕ್ಕನ್ನು ಜಾರಿಗೊಳಿಸುವಾಗ ತಮ್ಮ ಪೂರ್ವಗ್ರಹ ಅಡ್ಡ ಬಾರದಂತೆ ನೋಡಿಕೊಂಡರು. ಪೂರ್ವಗ್ರಹವಿದ್ದೂ ಇಲ್ಲವೆಂದು ನಟಿಸುವ ನ್ಯಾಯಾಧೀಶರಿಂದ ಕಕ್ಷಿದಾರರಿಗೆ ಆಗುವ ಅಪಾಯ ಇದಕ್ಕಿಂತ ಎಷ್ಟೋ ಹೆಚ್ಚು. ಕಲಿಯುವ ಕ್ರಿಯೆಯನ್ನು ಅವರು ಗುಟ್ಟಾಗಿ ಮಾಡದೆ ಆದೇಶದ ಭಾಗವಾಗಿಸಿದ್ದು ಸರಿಯೆಂದೇ ನನಗೆ ಅನ್ನಿಸುತ್ತದೆ: ತಾನು ಯಾವ ತಿಳಿವಳಿಕೆಯಿಂದ ಈ ತೀರ್ಮಾನಕ್ಕೆ ಬಂದೆ ಎಂಬುದು ಮೇಲ್ಮನವಿ ಕೋರ್ಟಿಗೂ ಸಾರ್ವಜನಿಕರಿಗೂ ಪರಿಶೀಲನೆಗೆ ತೆರೆದಿರುತ್ತದೆ.

ಕಲಿತದ್ದು ಹಾಗೇ ಉಳಿಯುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ. ವೈದ್ಯಕೀಯ ವಿದ್ಯಾರ್ಥಿಗಳ ನ್ಯಾಯವೈದ್ಯಶಾಸ್ತ್ರದ ಪಠ್ಯದಲ್ಲಿ ಸ್ತ್ರೀ ಸಲಿಂಗಪ್ರೇಮವನ್ನು ಅಸ್ವಾಭಾವಿಕ ಲೈಂಗಿಕ ಅಪರಾಧಗಳ ಸಾಲಿನಲ್ಲಿ ಇಟ್ಟಿದ್ದನ್ನು 2021ರಲ್ಲಿ ಇದೇ ಪ್ರಕರಣದಲ್ಲಿ ಹೈಕೋರ್ಟ್ ಎತ್ತಿ ತೋರಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ವೈದ್ಯಕೀಯ ಆಯೋಗ ಕಾಲೇಜುಗಳಿಗೂ ಪಠ್ಯ ಬರೆಯುವವರಿಗೂ ಎಚ್ಚರಿಕೆಯ ಸೂಚನೆ ಕಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 377ರ ಜಾಗದಲ್ಲಿ ಏನೂ ಇಲ್ಲ. ಹೀಗಿದ್ದರೂ ಆ ವರ್ಷದ ಆಗಸ್ಟ್ ಕೊನೆಯಲ್ಲಿ ಅದೇ ಆಯೋಗ ಹೊರಡಿಸಿದ ಪಠ್ಯಕ್ರಮದಲ್ಲಿ ಆ ಹಳೆಯ ಸಾಲು ಮತ್ತೆ ಕಾಣಿಸಿಕೊಂಡಿತು, ಪ್ರತಿಭಟನೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಪಠ್ಯಕ್ರಮವನ್ನು ಹಿಂತೆಗೆದುಕೊಳ್ಳಲಾಯಿತು. ಹಳೆಯ ಪುಸ್ತಕ ಓದಿ ಪದವಿ ಪಡೆದ ವೈದ್ಯರು ಚೆನ್ನೈ, ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಇಂದೂ ರೋಗಿಗಳನ್ನು ನೋಡುತ್ತಿದ್ದಾರೆ. ಕಂಗಾಲಾದ ತಂದೆತಾಯಿ ಹದಿಹರೆಯದ ಮಗುವನ್ನು ಕರೆದುಕೊಂಡು ಮೊದಲು ಹೋಗುವುದು ಅವರ ಬಳಿಗೇ. ಆ ವೈದ್ಯರಿಗೆ ಮರುಶಿಕ್ಷಣ ಕೊಡುವ ಕೆಲಸ ರಾಜ್ಯ ವೈದ್ಯಕೀಯ ಪರಿಷತ್ತುಗಳದ್ದು, ಕರ್ನಾಟಕದ್ದೂ ಸೇರಿ.